ಫಿಲ್ಟರ್ ಕೊಳ್ಳುವ ಮುನ್ನ ನೀರನ್ನೊಮ್ಮೆ ವಿಚಾರಿಸಿ

ಕಳೆದ ವರ್ಷ ಜುಲೈ ತಿಂಗಳ ಒಂದು ಸೋಮವಾರ. ಬೆಳಗಿನ ಪ್ರಾರ್ಥನೆ ಮುಗಿಸಿ ಸ್ಟಾಫ್ ರೂಮಿನತ್ತ ಹೊರಟಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಿಂದೆಯೇ ಓಡಿಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಬಾಟಲಿ. ಅದರೊಳಗೆ ಕೆಸರಿನಂಥ ಕಂದು ನೀರು, ತಳದಲ್ಲಿ ಹಸಿರು ಮಿಶ್ರಿತ ಗಸಿ.

“ಸಾರ್, ನಾವು ದಿನಾ ಕುಡಿಯೋದು ಇದೇ ನೀರಂತೆ ಸಾರ್!”

ನಡೆದದ್ದು ಇಷ್ಟು. ಹಿಂದಿನ ದಿನ, ಭಾನುವಾರ, ಟೈ ಕಟ್ಟಿಕೊಂಡ ಯುವಕನೊಬ್ಬ ಇವರ ಬೀದಿಗೆ ಬಂದಿದ್ದಾನೆ. ‘ನೀರಿನ ಪರೀಕ್ಷೆ ಉಚಿತ’ ಎಂದಿದ್ದಾನೆ. ಒಂದು ಗಾಜಿನ ಲೋಟದಲ್ಲಿ ಮನೆಯ ನಲ್ಲಿ ನೀರು, ಇನ್ನೊಂದರಲ್ಲಿ ತಾನು ತಂದ ಯಂತ್ರದ ನೀರು ತುಂಬಿಸಿ, ಲೋಹದ ಕಡ್ಡಿಗಳಿದ್ದ ಒಂದು ಸಾಧನವನ್ನು ಎರಡರಲ್ಲೂ ಇಳಿಬಿಟ್ಟು ಸ್ವಿಚ್ ಹಾಕಿದ್ದಾನೆ. ಒಂದು ನಿಮಿಷ ಕಳೆಯುವುದರೊಳಗೆ ನಲ್ಲಿ ನೀರು ಚರಂಡಿ ನೀರಿನಂತಾಗಿದೆ. ಯಂತ್ರದ ನೀರು ಹಾಗೆಯೇ ತಿಳಿಯಾಗಿದೆ. ತಾಯಿ ಹೌಹಾರಿದ್ದಾರೆ; ಮನೆಯಲ್ಲಿ ಎರಡೂವರೆ ವರ್ಷದ ಗಂಡುಮಗು ಬೇರೆ. ಯಂತ್ರದ ಬೆಲೆ ಹದಿನಾರೂವರೆ ಸಾವಿರ, ಹನ್ನೆರಡು ಕಂತು. ತಂದೆ ಬಸ್ ನಿಲ್ದಾಣದ ಬಳಿ ಹೊಲಿಗೆ ಅಂಗಡಿ ಇಟ್ಟುಕೊಂಡವರು. ಮಗಳ ಮುಂದಿನ ಓದಿಗೆಂದು ಚೀಟಿ ಹಾಕಿದ್ದರು. ಅದನ್ನು ಎತ್ತಿ ಮುಂಗಡ ಕೊಡುವುದೆಂದು ತೀರ್ಮಾನವಾಗಿದೆ. “ಬುಧವಾರ ಬರ್ತಾರಂತೆ ಸಾರ್” ಎಂದಳು.

ನನಗೆ ನಗುವೂ ಬಂತು, ಸಿಟ್ಟೂ ಬಂತು. ಇದು ವಿಜ್ಞಾನದ ಹೆಸರಿನಲ್ಲಿ ನಡೆಯುವ ಹಳೆಯ ಆಟ. “ಮಧ್ಯಾಹ್ನದ ಪಿರಿಯಡ್‌ನಲ್ಲಿ ನಾವೇ ಮಾಡಿ ನೋಡೋಣ, ಆ ಬಾಟಲಿ ಚೆಲ್ಲಬೇಡ” ಎಂದೆ.

ಮಧ್ಯಾಹ್ನ ಮೂರು ಲೋಟ ಇಟ್ಟೆವು. ಒಂದರಲ್ಲಿ ಶಾಲೆಯ ಕೊಳವೆಬಾವಿ ನೀರು. ಉಳಿದ ಎರಡರಲ್ಲಿ ಸ್ಟಾಫ್ ರೂಮಿನ ಕ್ಯಾನ್ ನೀರು, ಅಂದರೆ ಯಂತ್ರದಲ್ಲಿ ಶುದ್ಧಿಯಾದದ್ದೇ. ಪ್ರತಿ ಲೋಟಕ್ಕೂ ಎರಡೆರಡು ಕಬ್ಬಿಣದ ಮೊಳೆ, ಒಂದೊಂದು 9 ವೋಲ್ಟ್ ಬ್ಯಾಟರಿ. (ಮಕ್ಕಳೇ, ಮನೆಯಲ್ಲಿ ಮಾಡುವುದಾದರೆ ಬ್ಯಾಟರಿಯಿಂದಲೇ ಮಾಡಿ. ಗೋಡೆಯ ಪ್ಲಗ್‌ನ ಸಹವಾಸ ಖಂಡಿತ ಬೇಡ.) ಮೂರನೆಯ ಲೋಟದ ಶುದ್ಧ ನೀರಿಗೆ ಮಾತ್ರ ಅರ್ಧ ಚಮಚ ಅಡುಗೆ ಉಪ್ಪು ಹಾಕಿ ಕಲಕಿದೆವು.

ಕಾಲು ಗಂಟೆಯಲ್ಲಿ ಕೊಳವೆಬಾವಿ ನೀರಿನಲ್ಲಿ ಹಳದಿ ಗಸಿ ಕಾಣಿಸಿಕೊಂಡಿತು. ಉಪ್ಪು ಹಾಕದ ಕ್ಯಾನ್ ನೀರು ತಿಳಿಯಾಗಿಯೇ ಇತ್ತು. ಉಪ್ಪು ಹಾಕಿದ ಕ್ಯಾನ್ ನೀರೋ, ಎಲ್ಲಕ್ಕಿಂತ ಕೊಳಕಾಗಿ ಹಸಿರುಗಂದು ಬಣ್ಣಕ್ಕೆ ತಿರುಗಿತ್ತು! ಬ್ಯಾಟರಿಯ ಧನ ತುದಿಗೆ ಜೋಡಿಸಿದ್ದ ಮೊಳೆಯನ್ನು ಎತ್ತಿ ನೋಡಿದರೆ ಮೈಯೆಲ್ಲ ತರಿತರಿ. ಹುಡುಗರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಬಣ್ಣ ನೀರಿನೊಳಗಿನ ಕೊಳೆಯಿಂದ ಬಂದದ್ದಲ್ಲ, ಮೊಳೆಯಿಂದ ಬಂದದ್ದು. ನೀರಿನಲ್ಲಿ ಲವಣಗಳು ಕರಗಿದ್ದರೆ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಹರಿದರೆ ಕಬ್ಬಿಣ ಕರಗಿ ತುಕ್ಕಾಗಿ ತಳ ಸೇರುತ್ತದೆ. ಪ್ರೌಢಶಾಲೆಯ ಪುಸ್ತಕದಲ್ಲಿರುವ ವಿದ್ಯುದ್ವಿಭಜನೆಯ ಪಾಠವೇ ಇದು. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಅದು ತಿಳಿಯಾಗಿ ಉಳಿಯುತ್ತದೆ. ಎಳನೀರಿಗೆ ಆ ಕಡ್ಡಿ ಇಳಿಬಿಟ್ಟರೂ ಅದು ಕಂದಾಗುತ್ತದೆ.

ಸಂಜೆ ಹುಡುಗಿಯ ಜೊತೆ ಹೊಲಿಗೆ ಅಂಗಡಿಗೆ ಹೋಗಿ ತಂದೆಗೆ ಇದನ್ನೆಲ್ಲ ಹೇಳಿದೆ. ಅವರು ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು: “ಹಾಗಾದ್ರೆ ನಮ್ಮ ನೀರು ಚೆನ್ನಾಗೈತೆ ಅಂತ ನೀವು ಹೇಳ್ತೀರಾ ಮೇಷ್ಟ್ರೇ?”

ನಾನು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಮಾರಾಟದವನ ಆಟ ಸುಳ್ಳೆಂದು ತೋರಿಸಿದ್ದೆ, ನಿಜ. ಆದರೆ ನೀರು ಒಳ್ಳೆಯದೆಂದು ನನಗೆ ಯಾರು ಹೇಳಿದ್ದರು?

ನನ್ನ ಮನೆಯಲ್ಲೇ ಆದ ತಪ್ಪು

ಈ ವಿಷಯದಲ್ಲಿ ನಾನೊಮ್ಮೆ ಏಟು ತಿಂದವನು. ನಮ್ಮ ಮನೆಯಲ್ಲಿ ಬಹಳ ಕಾಲ ಸ್ಟೀಲಿನ ಎರಡಂತಸ್ತಿನ ಫಿಲ್ಟರ್ ಇತ್ತು. ಮೇಲಿನ ಪಾತ್ರೆಯಲ್ಲಿ ಬಿಳಿಯ ಪಿಂಗಾಣಿ ಕ್ಯಾಂಡಲ್‌ಗಳು, ಕೆಳಗೆ ನಲ್ಲಿ. ಈಗ ಐವತ್ತು ದಾಟಿದವರೆಲ್ಲ ಅದನ್ನು ಕಂಡವರೇ. ಭಾನುವಾರ ಬಂತೆಂದರೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕ್ಯಾಂಡಲ್ ಉಜ್ಜುವ ಕೆಲಸ ನನ್ನದು. ಅದರ ಮೈಮೇಲೆ ಕೂತ ಕಂದು ಲೋಳೆ ನೋಡಿದರೆ ‘ಇಷ್ಟೆಲ್ಲ ನಮ್ಮ ಹೊಟ್ಟೆಗೆ ಹೋಗುತ್ತಿತ್ತಲ್ಲ’ ಎಂದು ಸಮಾಧಾನವಾಗುತ್ತಿತ್ತು. ಹೀಗಾಗಿ ಕಾಯಿಸುವುದನ್ನು ಬಿಟ್ಟೆವು. 2004ರಲ್ಲಿ ಆರು ವರ್ಷದ ನನ್ನ ಮಗನಿಗೆ ಕಾಮಾಲೆಯಾಯಿತು. ವೈದ್ಯರು “ನೀರು ಕಾಯಿಸಿ ಕುಡೀತೀರಾ?” ಎಂದು ಕೇಳಿದಾಗ, “ಫಿಲ್ಟರ್ ಇದೆ ಸಾರ್” ಎಂದು ಹೆಮ್ಮೆಯಿಂದ ಹೇಳಿದೆ. “ನೀವು ಸೈನ್ಸ್ ಮೇಷ್ಟ್ರು ಅಲ್ವಾ?” ಎಂದಷ್ಟೇ ಅಂದು ಚೀಟಿ ಬರೆದರು. ಮಗ ಒಂದೂವರೆ ತಿಂಗಳು ಶಾಲೆಗೆ ಹೋಗಲಿಲ್ಲ. ಅವನಿಗೆ ಸೋಂಕು ನಮ್ಮ ಮನೆಯ ನೀರಿನಿಂದಲೇ ತಗಲಿತೋ, ಶಾಲೆಯ ಬಳಿಯ ಐಸ್‌ಕ್ಯಾಂಡಿಯಿಂದಲೋ ಯಾರು ಬಲ್ಲರು? ಆದರೆ ವೈದ್ಯರ ಮಾತು ಮರೆತಿಲ್ಲ.

ಏಕೆಂದರೆ ಉತ್ತರ ನಾನೇ ಪಾಠ ಮಾಡುವ ಕಥೆಯಲ್ಲಿತ್ತು. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್‌ನ ಜೊತೆಗಾರ ಶಾರ್ಲ್ ಶಾಂಬರ್‌ಲಾಂಡ್ 1884ರಲ್ಲಿ ಮೆರುಗಿಲ್ಲದ ಪಿಂಗಾಣಿಯ ಶೋಧಕವೊಂದನ್ನು ರೂಪಿಸಿದ. ಅದರ ರಂಧ್ರಗಳು ಬ್ಯಾಕ್ಟೀರಿಯಾಗಳಿಗಿಂತ ಸಣ್ಣವು. ನಮ್ಮ ಕ್ಯಾಂಡಲ್ ಅದರದೇ ವಂಶದ್ದು. 1892ರಲ್ಲಿ ರಷ್ಯದ ದಿಮಿತ್ರಿ ಇವಾನೋವ್‌ಸ್ಕಿ ರೋಗ ಹತ್ತಿದ ಹೊಗೆಸೊಪ್ಪಿನ ರಸವನ್ನು ಆ ಶೋಧಕದಲ್ಲಿ ಸೋಸಿದ. ಸೋಸಿದ ರಸವೂ ಆರೋಗ್ಯವಂತ ಗಿಡಕ್ಕೆ ರೋಗ ತಂದಿತು! ಪಿಂಗಾಣಿಯನ್ನೂ ದಾಟಿ ಹೋಗುವ ಏನೋ ಒಂದಿದೆ ಎಂದಾಯಿತು. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದನ್ನು ‘ವೈರಸ್’ ಎಂದು ಕರೆದ. ಅಂದರೆ ವೈರಸ್ ಎಂಬುದು ಪತ್ತೆಯಾದದ್ದೇ ಫಿಲ್ಟರ್ ಸೋತದ್ದರಿಂದ. ನೀರಿನಿಂದ ಹರಡುವ ಕಾಮಾಲೆಗೆ ಕಾರಣ ವೈರಸ್. ಇದನ್ನು ಹತ್ತು ವರ್ಷ ಪಾಠ ಮಾಡಿಯೂ ಅಡುಗೆಮನೆಯ ಕ್ಯಾಂಡಲ್‌ಗೆ ಜೋಡಿಸಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ.

ಹಾಗೆಂದು ಸೋಸುವುದು ನಿಷ್ಪ್ರಯೋಜಕವಲ್ಲ. ಬಿಂದಿಗೆಯ ಬಾಯಿಗೆ ಹಳೆ ಸೀರೆಯ ಬಟ್ಟೆ ಕಟ್ಟಿ ನೀರು ಹಿಡಿಯುತ್ತಿದ್ದ ನಮ್ಮ ಅಜ್ಜಿಯರನ್ನು ಹಗುರವಾಗಿ ಕಾಣಬೇಡಿ. ನಾರುಹುಣ್ಣನ್ನು ದೇಶದಿಂದ ಓಡಿಸಿದ್ದರಲ್ಲಿ ಈ ಬಟ್ಟೆಯ ಪಾಲು ದೊಡ್ಡದು. ಹುಳುವಿನ ಮರಿಯನ್ನು ಹೊತ್ತ ಸೈಕ್ಲಾಪ್ಸ್ ಎಂಬ ಸಣ್ಣ ನೀರುಜೀವಿ ಬಟ್ಟೆಯಲ್ಲೇ ಸಿಕ್ಕಿಬೀಳುತ್ತಿತ್ತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಹಳೆ ಸೀರೆಯನ್ನು ಎಂಟು ಪದರವಾಗುವಂತೆ ಮಡಿಸಿ ನೀರು ಸೋಸುವುದನ್ನು ಹೇಳಿಕೊಟ್ಟರು. ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ವರದಿ ಮಾಡಿದರು. ಕಾಲರಾದ ಬ್ಯಾಕ್ಟೀರಿಯಾ ಬಟ್ಟೆಯನ್ನು ದಾಟಬಲ್ಲದು. ಆದರೆ ಅದು ಅಂಟಿಕೊಂಡು ಕೂರುವ ತೇಲುಜೀವಿಗಳು ದಾಟಲಾರವು.

ಪ್ರತಿ ಶೋಧಕವೂ ಯಾವುದೋ ಒಂದನ್ನು ತಡೆಯುತ್ತದೆ, ಇನ್ನೊಂದನ್ನು ಬಿಡುತ್ತದೆ. ಆದ್ದರಿಂದ ‘ಯಾವ ಫಿಲ್ಟರ್ ಒಳ್ಳೆಯದು ಸಾರ್?’ ಎಂದು ಕೇಳುವ ಪೋಷಕರಿಗೆ ನಾನು ತಿರುಗಿ ಕೇಳುವುದು: ನಿಮ್ಮ ನೀರಿನಲ್ಲಿ ಏನಿದೆ?

ಮೂರು ಬಗೆಯ ಶತ್ರು

ಕಣ್ಣಿಗೆ ಕಾಣುವ ಮಣ್ಣು, ರಾಡಿ ಮೊದಲನೆಯದು. ಬಟ್ಟೆ, ಮರಳು, ಕ್ಯಾಂಡಲ್ ಸಾಕು. ಎರಡನೆಯದು ರೋಗಾಣುಗಳು. ಇವಕ್ಕೆ ಕುದಿಸುವುದಕ್ಕಿಂತ ದೊಡ್ಡ ಮದ್ದು ಇನ್ನೂ ಬಂದಿಲ್ಲ. ನೀರು ಕೊತಕೊತನೆ ಕುದಿದರೆ ಸಾಕು, ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಸುಡಬೇಕಾಗಿಲ್ಲ. ನೇರಳಾತೀತ ಕಿರಣದ ಯಂತ್ರ, ಅಂಗಡಿಯವರ ಮಾತಿನಲ್ಲಿ ‘ಯು.ವಿ.’, ಮಾಡುವುದೂ ಇದೇ ಕೆಲಸ. 254 ನ್ಯಾನೋಮೀಟರ್ ತರಂಗಾಂತರದ ಬೆಳಕು ರೋಗಾಣುಗಳ ಡಿ.ಎನ್.ಎ.ಯನ್ನು ಕೆಡಿಸಿ ಅವು ಮರಿಹಾಕದಂತೆ ಮಾಡುತ್ತದೆ. ಆದರೆ ನೀರು ತಿಳಿಯಾಗಿರಬೇಕು, ರಾಡಿಯ ನೆರಳಿನಲ್ಲಿ ರೋಗಾಣು ಬಚಾವಾಗುತ್ತದೆ. ದೀಪ ಉರಿಯುತ್ತಿದ್ದರೂ ಕಾಲ ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಬದಲಿಸಬೇಕು. ಇನ್ನು, ಯಂತ್ರದಿಂದ ಬಂದ ನೀರಿನ ಪಾತ್ರೆಗೆ ಮಗು ಕೈ ಅದ್ದಿದರೆ ಕಥೆ ಮೊದಲಿಗೇ ಬಂತು. ಹಿಡಿಯಿರುವ ಸೌಟು ಇಡಿ, ಇಲ್ಲವೇ ನಲ್ಲಿಯಿರುವ ಪಾತ್ರೆ ಇಡಿ.

ಮೂರನೆಯವು ಕರಗಿದ ವಸ್ತುಗಳು: ಗಡಸುತನ ತರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು, ಫ್ಲೋರೈಡ್, ನೈಟ್ರೇಟ್ ಮುಂತಾದವು. ಇಲ್ಲೇ ಜನ ಮೋಸಹೋಗುವುದು. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ, ಗೀಸರ್ ಹಾಳಾಗುತ್ತದೆ, ಎಲ್ಲ ಸರಿ. ಆದರೆ ಅದು ವಿಷವಲ್ಲ. ನೈಟ್ರೇಟ್ ಎಳೆಗೂಸುಗಳಿಗೆ ಅಪಾಯ. ಫ್ಲೋರೈಡ್ ಬಣ್ಣ, ವಾಸನೆ, ರುಚಿ ಒಂದನ್ನೂ ತೋರಿಸದೆ ಹಲ್ಲು, ಮೂಳೆಗಳಲ್ಲಿ ಸೇರಿಕೊಳ್ಳುತ್ತದೆ. ಇವನ್ನು ಕ್ಯಾಂಡಲ್ ತಡೆಯದು, ಯು.ವಿ. ತಡೆಯದು. ಕುದಿಸಿದರೆ ಆವಿಯಾಗಿ ಹೋಗುವುದು ನೀರೇ ಹೊರತು ಫ್ಲೋರೈಡ್ ಅಲ್ಲ; ಅದರ ಸಾಂದ್ರತೆ ತುಸು ಹೆಚ್ಚೇ ಆಗುತ್ತದೆ.

ಇಲ್ಲಿ ಆರ್.ಓ. ಯಂತ್ರಕ್ಕೆ ನಿಜವಾದ ಕೆಲಸವಿದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದಲ್ಲ, ಅದು ಅಭಿಸರಣೆ: ತೆಳು ನೀರು ಪೊರೆ ದಾಟಿ ಸಾಂದ್ರ ದ್ರಾವಣದ ಕಡೆ ನುಗ್ಗುತ್ತದೆ. ಆರ್.ಓ.ದಲ್ಲಿ ಪಂಪಿನ ಒತ್ತಡದಿಂದ ಇದನ್ನು ಹಿಂದುಮುಂದಾಗಿ ನಡೆಸುತ್ತಾರೆ. ನೀರು ಪೊರೆ ದಾಟುತ್ತದೆ, ಲವಣಗಳ ಬಹುಪಾಲು ಹಿಂದೆಯೇ ಉಳಿಯುತ್ತದೆ. ಉಳಿದದ್ದನ್ನು ತೊಳೆದು ಹೊರಹಾಕಲು ಮತ್ತಷ್ಟು ನೀರು ಬೇಕು. ಮನೆಬಳಕೆಯ ಎಷ್ಟೋ ಯಂತ್ರಗಳಲ್ಲಿ ನಾಲ್ಕು ಲೀಟರು ಒಳಗೆ ಹೋದರೆ ಕುಡಿಯಲು ಸಿಗುವುದು ಸುಮಾರು ಒಂದು, ಚರಂಡಿಗೆ ಮೂರು.

ಮಾರಾಟದವರ ಕೈಯಲ್ಲಿ ಪೆನ್ನಿನಂಥ ‘ಟಿ.ಡಿ.ಎಸ್. ಮೀಟರ್’ ಒಂದಿರುತ್ತದೆ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಪ್ರಮಾಣದ ಅಂದಾಜು ಕೊಡುತ್ತದೆ. ಯಾವ ಲವಣ ಎಂದು ಹೇಳದು. ರೋಗಾಣುಗಳಂತೂ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಳೆ ನೀರಿಗೆ ಒಂದು ಚಮಚ ಚರಂಡಿ ನೀರು ಬೆರೆಸಿ ಮೀಟರ್ ಇಟ್ಟರೆ ‘ಬಹಳ ಒಳ್ಳೆಯ ನೀರು’ ಎನ್ನುವಂಥ ಅಂಕಿಯೇ ಬಂದೀತು! ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಟಿ.ಡಿ.ಎಸ್. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಒಪ್ಪಬಹುದು. 500ಕ್ಕಿಂತ ಕಡಿಮೆ ಇರುವ ಕಡೆ ಆರ್.ಓ. ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಸರ್ಕಾರಕ್ಕೆ ಸೂಚಿಸಿದ್ದು ನೀರು ಪೋಲಾಗುವ ಕಾರಣಕ್ಕೇ.

ಬೆಂಗಳೂರು, ಮೈಸೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಿಗೆ ಆರ್.ಓ. ಏಕೆ ಬೇಕೆಂಬುದು ನನಗಂತೂ ಅರ್ಥವಾಗಿಲ್ಲ. ಅಲ್ಲಿ ನೋಡಿಕೊಳ್ಳಬೇಕಾದದ್ದು ಒಡೆದ ಪೈಪು, ವರ್ಷಗಟ್ಟಲೆ ತೊಳೆಯದ ಸಂಪು. ಕಾಯಿಸಿದರೆ ಅಥವಾ ಯು.ವಿ. ಇಟ್ಟರೆ ಸಾಕು. ಮಲೆನಾಡು, ಕರಾವಳಿಯ ತೆರೆದ ಬಾವಿಗಳದೂ ಇದೇ ಮಾತು; ಲವಣ ಕಡಿಮೆ, ಮೊದಲ ಮಳೆಗೆ ರೋಗಾಣು ಹೆಚ್ಚು. ಶುದ್ಧೀಕರಣ ಘಟಕದ ನೀರೆಂದು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಸಾವುಗಳಾದದ್ದನ್ನು ಮರೆಯಬಾರದು. ಇನ್ನು ತಾಮ್ರ ಸೇರಿಸುವ, ಖನಿಜ ಮರಳಿಸುವ ಮಾದರಿಗಳಿಗೆ ಮೂರ್ನಾಲ್ಕು ಸಾವಿರ ಹೆಚ್ಚು ಕೊಡುವವರು ಆ ಹಣಕ್ಕೆ ಸೊಪ್ಪು, ರಾಗಿ, ಹಾಲು ತರುವುದು ಮೇಲು.

ವರದಿ ಬಂದ ದಿನ

ನಮ್ಮದು ತುಮಕೂರು ಜಿಲ್ಲೆ. ಪಂಚಾಯ್ತಿ ನಲ್ಲಿಗೆ ಬರುವುದು ಆಳದ ಕೊಳವೆಬಾವಿ ನೀರು. ಇದೇ ಜಿಲ್ಲೆಯ ಪಾವಗಡದ ಫ್ಲೋರೈಡ್ ಕಥೆ ರಾಜ್ಯಕ್ಕೇ ಗೊತ್ತು. ಹುಡುಗಿಯ ಮನೆಯ ನೀರನ್ನು ಎರಡು ಬಾಟಲಿಯಲ್ಲಿ ಹಿಡಿದೆವು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಟ್ಟ ಶುದ್ಧ ಬಾಟಲಿ, ಉಳಿದದ್ದಕ್ಕೆ ಚೆನ್ನಾಗಿ ತೊಳೆದು ಅದೇ ನೀರಿನಿಂದ ಮೂರು ಸಲ ಗಲಬರಿಸಿದ ಬಾಟಲಿ. ಜಿಲ್ಲಾ ಪ್ರಯೋಗಾಲಯದಲ್ಲಿ ಕೊಟ್ಟು ಬಂದೆ. ಇಂಥ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ಬರಿ ರೋಗಾಣುವಿನ ಸುಳಿವು ಬೇಕಾದರೆ, ನೀರು ತುಂಬಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗುವ ಸಣ್ಣ ಬಾಟಲಿಯೂ ಸಿಗುತ್ತದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ಮಂಜಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಉಪಾಯ ಅದು.

ವರದಿ ಬಂತು. ಟಿ.ಡಿ.ಎಸ್. 860. ಗಡಸುತನ 410. ನೈಟ್ರೇಟ್ 38, ಮಿತಿ 45, ಪರವಾಗಿಲ್ಲ. ರೋಗಾಣು ಇಲ್ಲ. ಫ್ಲೋರೈಡ್ 2.1. ಮಾನಕದ ಪ್ರಕಾರ ಇರಬೇಕಾದದ್ದು 1, ಬೇರೆ ದಾರಿಯೇ ಇಲ್ಲದಿದ್ದರೆ 1.5.

ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನಾಚಿಕೆಯ ಸ್ವಭಾವ ಎಂದುಕೊಂಡಿದ್ದೆ. ವರದಿ ಓದುವಾಗ ನೋಡಿದೆ, ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು. ತರಗತಿಯಲ್ಲಿ ಅಂಥ ಹಲ್ಲು ಇನ್ನೂ ಕೆಲವರದಿತ್ತು. ಇಷ್ಟು ವರ್ಷ ‘ಸರಿಯಾಗಿ ಹಲ್ಲುಜ್ಜಿ’ ಎಂದು ಗದರಿದವನು ನಾನೇ. ಆ ಗೆರೆ ಉಜ್ಜಿದರೆ ಹೋಗುವುದಲ್ಲ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲೇ, ಸುಮಾರು ಎಂಟು ವರ್ಷದೊಳಗೆ, ಬಿದ್ದದ್ದು. ಯಾವ ಫಿಲ್ಟರ್ ತಂದರೂ ಅವಳ ಹಲ್ಲಿಗೆ ಆದದ್ದು ಆಯಿತು. ಆದರೆ ಅವಳ ತಮ್ಮನಿಗೆ ಎರಡೂವರೆ ವರ್ಷ. ಅವನ ಶಾಶ್ವತ ಹಲ್ಲುಗಳು ಒಳಗೆ ಈಗಷ್ಟೇ ತಯಾರಾಗುತ್ತಿವೆ.

ಅಂದರೆ ಮಾರಾಟದವನು ತೋರಿಸಿದ ಆಟ ಸುಳ್ಳು, ಆದರೆ ಮನೆಗೆ ಆರ್.ಓ. ನೀರು ಬೇಕಿದ್ದದ್ದು ನಿಜ! ಹೊಲಿಗೆ ಅಂಗಡಿಯಲ್ಲಿ ಕೂತು ನಾವು ಮೂವರೂ ಲೆಕ್ಕ ಹಾಕಿದೆವು. ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 20 ಲೀಟರು. ಅಡುಗೆಯನ್ನು ಬಿಡುವಂತಿಲ್ಲ, ಅನ್ನ, ಸಾರು, ಮುದ್ದೆಯ ಮೂಲಕವೂ ಫ್ಲೋರೈಡ್ ಒಳಗೆ ಹೋಗುತ್ತದೆ. ಯಂತ್ರ ಕೊಂಡರೆ 16,500. ಏಳು ವರ್ಷ ಬಾಳಿದರೆ ವರ್ಷಕ್ಕೆ 2,350ರಷ್ಟು. ಸರ್ವೀಸು, ಬಿಡಿಭಾಗಗಳಿಗೆ ಆ ಕಂಪನಿಯೇ ಬರೆದುಕೊಟ್ಟದ್ದು ವರ್ಷಕ್ಕೆ 4,000. ಒಟ್ಟು 6,350. ಮೇಲೆ ದಿನಕ್ಕೆ 60 ಲೀಟರು ಹೊರಹೋಗುವ ನೀರು, ವರ್ಷಕ್ಕೆ 21,900 ಲೀಟರು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂರೂವರೆಗೂ ಹೆಚ್ಚು. ವಾರಕ್ಕೆರಡು ದಿನ ನಲ್ಲಿ ಬರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹುಡುಗಿ ಇನ್ನೊಂದು ಲೆಕ್ಕ ಮಾಡಿದಳು: ನಾಲ್ಕು ಲೀಟರಿನಲ್ಲಿ ಫ್ಲೋರೈಡ್ 8.4 ಮಿಲಿಗ್ರಾಂ. ಶುದ್ಧವಾದ ಒಂದು ಲೀಟರಿನಲ್ಲಿ 0.2 ಉಳಿದರೆ, ಮಿಕ್ಕ ಮೂರು ಲೀಟರಿನಲ್ಲಿ 8.2. ಲೀಟರಿಗೆ 2.7. ನೆಲ ಒರೆಸಲು, ಪಾತ್ರೆ ಉಜ್ಜಲು ಬಳಸಬಹುದು, ಹಸುವಿಗೆ ಕುಡಿಸುವಂತಿಲ್ಲ.

ಊರಿನ ಶುದ್ಧ ಕುಡಿಯುವ ನೀರಿನ ಘಟಕ ಅವರ ಮನೆಯಿಂದ ಅರ್ಧ ಕಿಲೋಮೀಟರ್. ಅದೂ ಆರ್.ಓ. ಘಟಕವೇ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರು. ವರ್ಷಕ್ಕೆ 1,825 ರೂಪಾಯಿ. ತಂದೆಗೆ ಹಳೆಯ ಮೊಪೆಡ್ ಇದೆ. “ಇದು ಕೈಲಾಗೋ ಮಾತು” ಎಂದರು. ಚೀಟಿ ಎತ್ತಲಿಲ್ಲ. ಬುಧವಾರ ಮುಂಗಡಕ್ಕೆಂದು ಬಂದು ವರದಿ ಬರುವವರೆಗೆ ತಡೆಯಿರೆಂದು ಹೇಳಿಸಿಕೊಂಡು ಹೋಗಿದ್ದ ಯುವಕ ಮತ್ತೆ ಬಂದಾಗ, ಹುಡುಗಿ ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದಳಂತೆ. ಅವನು ಕಡ್ಡಿಗಳ ಸಾಧನವನ್ನು ಚೀಲದಿಂದ ತೆಗೆಯಲೇ ಇಲ್ಲ.

ಘಟಕ ದೂರವಿದ್ದರೆ, ಕ್ಯಾನ್ ಹೊರುವ ಶಕ್ತಿಯಿಲ್ಲದ ವೃದ್ಧರಿರುವ ಮನೆಯಾದರೆ, ಇದೇ ಲೆಕ್ಕ ಯಂತ್ರದ ಪರವಾಗಿ ತಿರುಗುತ್ತದೆ. ನನ್ನ ಮನೆಯ ಕೊಳವೆಬಾವಿಯನ್ನೂ ಅದೇ ವಾರ ಪರೀಕ್ಷೆ ಮಾಡಿಸಿದೆ, ಫ್ಲೋರೈಡ್ 0.8. ಆದ್ದರಿಂದ ನಾವು ಕಾಯಿಸಿ ಆರಿಸಿ ಕುಡಿಯುವುದನ್ನೇ ಮುಂದುವರಿಸಿದ್ದೇವೆ. ದಿನಕ್ಕೆ 10 ಲೀಟರು ಕಾಯಿಸಲು ಸುಮಾರು 110 ಗ್ರಾಂ ಗ್ಯಾಸ್, ವರ್ಷಕ್ಕೆ ಮೂರು ಸಿಲಿಂಡರಿಗೆ ಸ್ವಲ್ಪ ಕಡಿಮೆ. (ಹತ್ತನೇ ತರಗತಿಯವರು ಇದನ್ನು ತಾಳೆ ನೋಡಬಹುದು: ನೀರಿನ ಉಷ್ಣತೆ 25ರಿಂದ 100 ಡಿಗ್ರಿಗೆ, ಒಲೆಯ ದಕ್ಷತೆ ಶೇಕಡ 63 ಎಂದು ಹಿಡಿಯಿರಿ, ಒಂದು ಕಿಲೋ ಗ್ಯಾಸ್‌ನಲ್ಲಿ 46,000 ಕಿಲೋಜೂಲ್.)

ಟಿ.ಡಿ.ಎಸ್. ಮೀಟರನ್ನು ಬೈದೆನಲ್ಲ, ಅದಕ್ಕೂ ಒಂದು ಒಳ್ಳೆಯ ಉಪಯೋಗವಿದೆ. ಆರ್.ಓ. ಪೊರೆ ಸರಿಯಾಗಿದೆಯೇ ಎಂದು ಕಾಯಲು ಅದು ಚೆನ್ನಾಗಿ ಬರುತ್ತದೆ. ಶಾಲೆಗೆ ಒಂದು ಮೀಟರ್ ತರಿಸಿ ಆ ಹುಡುಗಿಗೇ ವಹಿಸಿದೆ. ಪ್ರತಿ ತಿಂಗಳ ಮೊದಲ ಶನಿವಾರ ಘಟಕದ ನೀರು ತಂದು ಅಳೆದು ಪ್ರಯೋಗಾಲಯದ ಗೋಡೆಯ ಪಟ್ಟಿಯಲ್ಲಿ ಬರೆಯುತ್ತಾಳೆ. ಆಗಸ್ಟ್‌ನಿಂದ ನವೆಂಬರ್‌ವರೆಗೆ 60, 62, 58, 65. ಡಿಸೆಂಬರ್‌ನಲ್ಲಿ 140. ಜನವರಿಯಲ್ಲಿ 390. ಪಟ್ಟಿಯ ನಕಲು ಲಗತ್ತಿಸಿ ಹುಡುಗರೆಲ್ಲ ಸಹಿ ಹಾಕಿ ಪಂಚಾಯ್ತಿಗೆ ಅರ್ಜಿ ಕೊಟ್ಟರು. ಮೂರು ವಾರ ಏನೂ ಆಗಲಿಲ್ಲ, ಆಮೇಲೆ ಪೊರೆ ಬದಲಿಸಿದರು. ಮಾರ್ಚ್ ತಿಂಗಳ ಅಂಕಿ 55.